ಮನೆಯಂಗಳದ ಚೇಳು

ಚೇಳು: ಜೇಡ, ಉಣ್ಣಿ, ನುಸಿಗಳ ಬಳಗಕ್ಕೆ ಸೇರಿದ, ಎಂಟು ಕಾಲಿನ, ಬಾಲದ ತುದಿಯಲ್ಲಿ ವಿಷದ ಕೊಂಡಿಯುಳ್ಳ ನಿಶಾಚರ ಜೀವಿ. ಸಂಸ್ಕೃತದಲ್ಲಿ ವೃಶ್ಚಿಕ, ತಮಿಳು ಮತ್ತು ಮಲಯಾಳಂಗಳಲ್ಲಿ ತೇಳ್, ತೆಲುಗಿನಲ್ಲಿ ತೇಲು. ದಕ್ಷಿಣದ ಭಾಷೆಗಳೆಲ್ಲ ಒಂದೇ ಬೇರಿನ ಹೆಸರಿಟ್ಟಿರುವುದರಿಂದಲೇ ಇದು ಈ ನೆಲದ ಎಷ್ಟು ಹಳೆಯ ನೆರೆಯ ಪ್ರಾಣಿ ಎಂಬುದು ತಿಳಿಯುತ್ತದೆ. ಮನುಷ್ಯ ಮನೆ ಕಟ್ಟುವ ಮೊದಲೂ ಇದು ಇಲ್ಲಿತ್ತು. ಚೇಳುಗಳ ವಂಶ ಭೂಮಿಯ ಮೇಲೆ ಕಾಣಿಸಿಕೊಂಡು 40 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಇಂದು ಜಗತ್ತಿನಲ್ಲಿ 2,500ಕ್ಕೂ ಹೆಚ್ಚು, ಭಾರತದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಜೀವಕ್ಕೆ ಎರವಾಗಬಲ್ಲವು ಕೆಲವೇ ಕೆಲವು. ಆ ಕೆಲವುಗಳಲ್ಲಿ ಒಂದು, ದಖ್ಖನಿನ ಕೆಂಪು ಚೇಳು, ನಮ್ಮ ಹಿತ್ತಿಲಿನ ಕಲ್ಲಿನಡಿಯಲ್ಲೇ ವಾಸವಾಗಿದೆ. ಆದ್ದರಿಂದ ಕರ್ನಾಟಕದ, ಅದರಲ್ಲೂ ಬಯಲುಸೀಮೆಯ ಮನೆಗಳಿಗೆ ಈ ಪ್ರಾಣಿಯ ಪರಿಚಯ ಅಗತ್ಯ.

ದೇಹ ಮತ್ತು ಬದುಕು. ನಾವು ಬಾಲ ಎನ್ನುವುದು ವಾಸ್ತವವಾಗಿ ಹೊಟ್ಟೆಯದೇ ಮುಂದುವರಿದ ಭಾಗ. ಅದರಲ್ಲಿ ಐದು ಗಣ್ಣುಗಳಿವೆ. ಐದನೆಯ ಗಣ್ಣಿನ ಆಚೆಗೆ ಪುಟ್ಟ ಬುರುಡೆಯಂಥ ವಿಷಕೋಶ, ಅದರ ತುದಿಗೆ ಬಾಗಿದ ಮುಳ್ಳು. ಮುಂದೆ ಚಾಚಿದ ಎರಡು ಇಕ್ಕಳಗಳು ಕಾಲುಗಳಲ್ಲ, ಬೇಟೆಯನ್ನು ಹಿಡಿಯುವ ಕೈಗಳು. ಬೆನ್ನ ಮೇಲೂ ತಲೆಯ ಅಂಚಿನಲ್ಲೂ ಹಲವು ಜೊತೆ ಕಣ್ಣುಗಳಿದ್ದರೂ ದೃಷ್ಟಿ ಮಂದ. ಚೇಳು ಲೋಕವನ್ನು ಅರಿಯುವುದು ಹೆಚ್ಚಾಗಿ ಕಾಲಿನಿಂದ. ನೆಲದ ಅತಿಸಣ್ಣ ಕಂಪನವೂ ಅದರ ಕಾಲಿನ ಸಂವೇದನಾಂಗಗಳಿಗೆ ಮುಟ್ಟುತ್ತದೆ. ಹೊಟ್ಟೆಯಡಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿರುವ ಒಂದು ಜೊತೆ ಅಂಗಗಳಿಂದ ನೆಲವನ್ನು ಸವರುತ್ತ, ಅದರ ವಾಸನೆಯನ್ನೂ ಮೈಯನ್ನೂ ಓದುತ್ತ ನಡೆಯುತ್ತದೆ. ಆಹಾರ ಜಿರಲೆ, ಮಿಡತೆ, ಗೆದ್ದಲು, ಪತಂಗ. ಸಿಕ್ಕಿದ್ದನ್ನು ಜಗಿದು, ಜೀರ್ಣರಸ ಸುರಿದು, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಒಮ್ಮೆ ಹೊಟ್ಟೆ ತುಂಬಿದರೆ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು.

ಚೇಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಮರಿಗಳು ತಾಯಿಯ ಕಾಲುಗಳನ್ನು ಏಣಿ ಮಾಡಿಕೊಂಡು ಬೆನ್ನೇರಿ ಕೂರುತ್ತವೆ. ಹಿತ್ತಿಲ ಚಪ್ಪಡಿಯೊಂದನ್ನು ಎತ್ತಿದಾಗ ಈ ದೃಶ್ಯ ಕಂಡವರಿಗೆ ಅದು ಮರೆಯುವುದಿಲ್ಲ: ಕಡುಗಂದು ಬೆನ್ನಿನ ಮೇಲೆ ಅಕ್ಕಿಕಾಳು ಅಂಟಿಸಿದಂತೆ ಬಿಳಿಬಿಳಿ ಮರಿಗಳು, ಒಂದರ ಮೇಲೊಂದು, ಬಾಲ ಸುತ್ತಿಕೊಂಡು. ತಾಯಿ ಓಡುವುದಿಲ್ಲ, ಇಕ್ಕಳ ಅಗಲಿಸಿ, ಕೊಂಡಿಯನ್ನು ಬೆನ್ನಿನ ಮೇಲಕ್ಕೆ ಬಾಗಿಸಿ ನಿಲ್ಲುತ್ತದೆ. ಮೊದಲ ಪೊರೆ ಕಳಚುವವರೆಗೆ, ಅಂದರೆ ಒಂದೆರಡು ವಾರ, ಮರಿಗಳು ಇಳಿಯುವುದಿಲ್ಲ. ಮರಿಗಳು ತಾಯಿಯ ಬೆನ್ನು ಸೀಳಿಕೊಂಡು ಹುಟ್ಟುತ್ತವೆ, ಬಸಿರೇ ಚೇಳಿನ ಕೊನೆ ಎಂಬ ನಂಬಿಕೆ ಕನ್ನಡದಲ್ಲಿ ವಚನಗಳ ಕಾಲದಿಂದಲೂ ಇದೆ. ಬೆನ್ನ ತುಂಬ ಮರಿ ಹೊತ್ತ ತಾಯಿಯನ್ನು ದೂರದಿಂದ ಕಂಡವರು ಹಾಗೆಂದುಕೊಂಡಿದ್ದರೆ ಸೋಜಿಗವಿಲ್ಲ, ಆದರೆ ಅದು ನಿಜವಲ್ಲ. ತಾಯಿ ಬದುಕಿರುತ್ತದೆ, ಮತ್ತೆ ಮರಿ ಹಾಕುತ್ತದೆ. ಬೆಂಕಿಯ ಉಂಗುರದ ನಡುವೆ ಸಿಕ್ಕಿದ ಚೇಳು ತನ್ನನ್ನೇ ಕುಟುಕಿಕೊಂಡು ಸಾಯುತ್ತದೆ ಎಂಬುದೂ ಅಂಥದೇ ಮಾತು. ಶಾಖಕ್ಕೆ ಮೈ ಸೆಡೆತು ಬಾಲ ಬಾಗುತ್ತದೆ, ಅಷ್ಟೇ.

ಯಾವ ಚೇಳು? ಮನೆಯವರು ಕಲಿಯಲೇಬೇಕಾದ ಪಾಠ ಇದೊಂದು. ಜನ ಗಾತ್ರಕ್ಕೆ ಹೆದರುತ್ತಾರೆ. ಅಂಗೈಯಗಲದ ಕರಿಚೇಳು ಕಂಡರೆ ಓಣಿಯೇ ಸೇರುತ್ತದೆ, ಬೆರಳುದ್ದದ ಕೆಂಪು ಚೇಳನ್ನು ಮಾತ್ರ 'ಸಣ್ಣದು ಬಿಡಿ' ಎಂದು ಹಗುರಾಗಿ ತೆಗೆದುಕೊಳ್ಳುತ್ತಾರೆ. ಅಪಾಯ ಇರುವುದು ಇದಕ್ಕೆ ತಿರುಗುಮುರುಗಾಗಿ. ನೋಡಬೇಕಾದದ್ದು ಇಕ್ಕಳ ಮತ್ತು ಬಾಲ. ಏಡಿಯದರಂತೆ ದಪ್ಪ ಇಕ್ಕಳ, ಸಣಕಲು ಬಾಲ ಇದ್ದರೆ ಅದು ಬಲದಿಂದ ಬೇಟೆಯಾಡುವ ಚೇಳು, ವಿಷ ಸೌಮ್ಯ. ಇಕ್ಕಳ ಕಡ್ಡಿಯಂತೆ ತೆಳ್ಳಗಿದ್ದು ಬಾಲ ದಪ್ಪಗಿದ್ದರೆ ಅದು ವಿಷವನ್ನೇ ನಂಬಿದ ಚೇಳು.

ಮೊದಲನೆಯ ಗುಂಪಿಗೆ ಸೇರಿದ್ದು ನಮ್ಮ ದೊಡ್ಡ ಕರಿಚೇಳುಗಳು. ತೆಲುಗಿನಲ್ಲಿ ಇದೇ ಮಂಡ್ರಗಬ್ಬ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಜೈಗ್ಯಾಂಟೊಮೆಟ್ರಸ್ ಸ್ವಾಮರ್‌ಡಾಮಿ ಜಗತ್ತಿನ ಅತಿ ದೊಡ್ಡ ಚೇಳುಗಳಲ್ಲಿ ಒಂದು. ಮೊದಲು ಹೆಟೆರೊಮೆಟ್ರಸ್ ಕುಲದಲ್ಲಿದ್ದ ಇದನ್ನು 2020ರ ಮರುವರ್ಗೀಕರಣದಲ್ಲಿ ಬೇರೆ ಕುಲಕ್ಕೆ ಸೇರಿಸಲಾಯಿತು. ಮಣ್ಣಿನಲ್ಲಿ ಆಳವಾದ ಬಿಲ ತೋಡಿ ಇರುವ ಈ ಚೇಳುಗಳು ಕುಟುಕಿದರೆ ಉರಿ, ಊತ ಬರುತ್ತವೆ; ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ಎರಡನೆಯ ಗುಂಪಿನದು ಭಾರತದ ಕೆಂಪು ಚೇಳು, ಹಾಟೆಂಟಾಟ ಟ್ಯಾಮುಲಸ್. 1798ರಲ್ಲಿ ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಫ್ಯಾಬ್ರಿಶಿಯಸ್ ಇದನ್ನು ಮೊದಲು ವರ್ಣಿಸಿದ. ಬುಥಸ್, ಮೆಸೊಬುಥಸ್ ಎಂಬ ಹಳೆಯ ಕುಲನಾಮಗಳಿಂದಲೇ ಇದು ವೈದ್ಯರ ಬರಹಗಳಲ್ಲಿ ಹೆಚ್ಚು ಕಾಣುತ್ತದೆ. ಬಾಲವೂ ಸೇರಿ ಉದ್ದ ಸಾಧಾರಣವಾಗಿ 5ರಿಂದ 9 ಸೆಂಟಿಮೀಟರ್. ಮೈ ಕೆಂಗಂದು, ಕಾಲುಗಳು ತಿಳಿ ಹಳದಿ. ಕೊಂಕಣ ಮತ್ತು ಪಶ್ಚಿಮ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಸೌರಾಷ್ಟ್ರಗಳ ಒಣನೆಲದಲ್ಲಿ ಇದರ ವಾಸ. ಆಳದ ಬಿಲ ಇದಕ್ಕೆ ಬೇಕಿಲ್ಲ. ಸಡಿಲ ಕಲ್ಲು, ಮಣ್ಣುಗೋಡೆಯ ಬಿರುಕು, ಇಟ್ಟಿಗೆಯ ಸಂದು ಸಾಕು, ಆದ್ದರಿಂದಲೇ ಮನೆಗೆ ಇಷ್ಟು ಹತ್ತಿರ. ಬಣ್ಣವನ್ನೊಂದೇ ನಂಬಬಾರದು. ಇದೇ ಕುಲದ ರೂಗಿಸ್ಕ್ಯೂಟಿಸ್ ಎಂಬ ದಕ್ಷಿಣದ ಚೇಳು ಕಪ್ಪಾಗಿರುತ್ತದೆ. ಕರಿಚೇಳಲ್ಲವೇ ಎಂದು ಅದನ್ನು ಅಸಡ್ಡೆ ಮಾಡುವಂತಿಲ್ಲ. ಕಣ್ಣು ಇಕ್ಕಳದ ಮೇಲಿರಲಿ. ಕರಾವಳಿಯ ಮನೆಗಳಲ್ಲಿ ಕಾಣುವ, ಹಳದಿ ಮೈಯ ಮೇಲೆ ಕಂದು ಚುಕ್ಕೆಯ ಸಣಕಲು ಚೇಳು (ಐಸೊಮೆಟ್ರಸ್ ಮ್ಯಾಕುಲೇಟಸ್) ಹಡಗುಗಳ ಸರಕಿನೊಂದಿಗೆ ಉಷ್ಣವಲಯವನ್ನೆಲ್ಲ ಸುತ್ತಿದ ಪ್ರಾಣಿ. ಅದರ ಇಕ್ಕಳ ತೆಳ್ಳಗಿದ್ದರೂ ವಿಷ ದೊಡ್ಡದಲ್ಲ. ಆದರೆ ನಡುರಾತ್ರಿ ದೀಪದ ಬೆಳಕಿನಲ್ಲಿ ಅದನ್ನೂ ಕೆಂಪು ಚೇಳಿನ ಮರಿಯನ್ನೂ ಬೇರೆಮಾಡಿ ಗುರುತಿಸುವುದು ಯಾರಿಗೂ ಸುಲಭವಲ್ಲ. ತೆಳು ಇಕ್ಕಳದ ಚೇಳು ಕುಟುಕಿದರೆ ಕೆಂಪು ಚೇಳೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಮನೆಗೆ ಬರುವ ದಾರಿ. ಚೇಳು ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ. ಜಿರಲೆ, ತಂಪು, ಕತ್ತಲೆ ಮತ್ತು ಮೈಗೆ ಒತ್ತಿಕೊಳ್ಳುವಂಥ ಇಕ್ಕಟ್ಟು ಅದಕ್ಕೆ ಬೇಕು. ನಾಲ್ಕೂ ಕೂಡಿ ಸಿಗುವ ಜಾಗಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ: ಬಚ್ಚಲೊಲೆಯ ಪಕ್ಕದ ಸೌದೆ, ಬೆರಣಿಯ ಒಟ್ಟಿಲು, ತೆಂಗಿನ ಮಟ್ಟೆಯ ರಾಶಿ, ಮನೆ ಕಟ್ಟಿ ಉಳಿದ ಹೆಂಚು ಮತ್ತು ಸೈಜುಗಲ್ಲು, ಕೊಟ್ಟಿಗೆಯ ಮೂಲೆಯ ಗೋಣಿಚೀಲ, ನೀರು ಜಿನುಗುವ ಹೂಕುಂಡದ ತಳ. ಊರಾಚೆಯ ಹೊಸ ಬಡಾವಣೆಗಳಲ್ಲಿ ಮೊದಲೆರಡು ವರ್ಷ ಚೇಳು ಹೆಚ್ಚೆಂಬ ದೂರು ಸಾಮಾನ್ಯ. ಕಲ್ಲುಗುಡ್ಡವನ್ನೋ ಹೊಲವನ್ನೋ ಸಮಮಾಡಿ ಮನೆ ಎಬ್ಬಿಸಿದಾಗ ಅಲ್ಲಿದ್ದವು ಪಕ್ಕದ ಸೈಟಿನ ಜಲ್ಲಿರಾಶಿಗೆ ಸರಿದಿರುತ್ತವೆ.

ಬೇಸಿಗೆಯ ಬಿಸಿರಾತ್ರಿಗಳಲ್ಲಿ ಅವುಗಳ ಓಡಾಟ ಹೆಚ್ಚು. ಮುಂಗಾರಿನ ಮೊದಲ ಜೋರುಮಳೆಗೆ ಬಿಲಗಳಿಗೆ ನೀರು ನುಗ್ಗಿದಾಗ ಒಣಜಾಗ ಹುಡುಕಿ ಹೊಸ್ತಿಲು ದಾಟುತ್ತವೆ. ಹೊಲಗಳಲ್ಲಿ ಕಲ್ಲು ಆರಿಸುವಾಗ, ಶೇಂಗಾ ಕೀಳುವಾಗ, ಹುಲ್ಲಿನ ಹೊರೆ ಎತ್ತುವಾಗ ಬರಿಗೈ ನೇರ ಚೇಳಿನ ಮೇಲೆ ಬೀಳುತ್ತದೆ. ಹೀಗೆ ಕುಟುಕಿಸಿಕೊಳ್ಳುವವರಲ್ಲಿ ಹೆಚ್ಚಿನವರು ಕೂಲಿ ಹೆಂಗಸರು, ಬರಿಗಾಲಿನ ಮಕ್ಕಳು, ನೆಲದ ಮೇಲೆ ಮಲಗುವವರು. ಚೇಳಿನ ಕಾಟ ಬಡತನದ ಜೊತೆ ಹೆಣೆದುಕೊಂಡ ಕಾಟ. ಇದನ್ನು ಬರೀ ಕೀಟದ ಸಮಸ್ಯೆಯೆಂದು ಬರೆಯುವುದು ಅನ್ಯಾಯ.

ತಡೆ. ಔಷಧಿ ಹೊಡೆಸಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಅದರಿಂದ ಸಿಗುವ ಫಲ ಕಡಿಮೆ. ಹಗಲೆಲ್ಲ ಸಂದಿಯೊಳಗಿರುವ ಚೇಳಿಗೆ ಔಷಧಿ ತಾಗುವುದೇ ಅಪರೂಪ. ತಾಗಿದರೂ ದಪ್ಪ ಪೊರೆಯ, ನಿಧಾನ ಉಸಿರಾಟದ ಈ ಪ್ರಾಣಿ ಇರುವೆ ಜಿರಲೆಗಳಷ್ಟು ಬೇಗ ಸಾಯುವುದಿಲ್ಲ. ಜಿರಲೆಯನ್ನು ಕಳೆದರೆ ಚೇಳಿನ ಊಟ ಹೋಗುತ್ತದೆ, ಅಷ್ಟರಮಟ್ಟಿಗೆ ಔಷಧಿ ಪ್ರಯೋಜನಕ್ಕೆ ಬರುತ್ತದೆ. ನಿಜವಾದ ಕೆಲಸ ಪೊರಕೆ, ಹಾರೆ ಮತ್ತು ಸಿಮೆಂಟಿನದು. ಸೌದೆಯನ್ನೂ ಕಲ್ಲನ್ನೂ ಗೋಡೆಗೆ ತಾಗಿಸಿ ಒಟ್ಟಬಾರದು. ನಾಲ್ಕು ಮಾರು ದೂರದಲ್ಲಿ, ಸಾಧ್ಯವಾದರೆ ನೆಲದಿಂದ ಮೇಲೆತ್ತಿದ ಅಟ್ಟಣೆಯ ಮೇಲೆ ಇಡಬೇಕು. ಗೋಡೆಯ ಬಿರುಕು, ಚೌಕಟ್ಟಿನ ಸಂದು, ಪೈಪು ಒಳಬರುವ ತೂತುಗಳನ್ನು ಗಾರೆಯಿಂದ ಮುಚ್ಚಬೇಕು. ಬಚ್ಚಲಿನ ನೀರು ಹೋಗುವ ಕಂಡಿಗೆ ಸಣ್ಣ ಕಣ್ಣಿನ ಜಾಲರಿ, ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಇರಲಿ. ಒರಟುಗೋಡೆಯನ್ನು ಹತ್ತುವ ಚೇಳಿಗೆ ನುಣುಪಾದ ಗಾಜನ್ನೋ ಹೊಳಪಿನ ಟೈಲನ್ನೋ ಹತ್ತಲಾಗದು. ಮೆಟ್ಟಿಲಿನ ಎದುರುಮುಖಕ್ಕೂ ಗೋಡೆಯ ಬುಡಕ್ಕೂ ಒಂದು ಸಾಲು ಹೊಳಪಿನ ಟೈಲು ಕೂರಿಸಿದರೆ ಅದೇ ಬೇಲಿಯಾಗುತ್ತದೆ. ಹೊರದೀಪ ರಾತ್ರಿಯೆಲ್ಲ ಉರಿದರೆ ಹುಳು ಸೇರುತ್ತವೆ, ಹುಳುವಿನ ಹಿಂದೆ ಚೇಳು.

ಮಲಗುವ ಜಾಗದ ಎಚ್ಚರ ಬೇರೆಯೇ ಇದೆ. ಮಂಚ ಗೋಡೆಗೆ ತಾಗದಿರಲಿ, ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಚಾಪೆಯಲ್ಲಿ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಂಡರೆ ಸೊಳ್ಳೆಯ ಜೊತೆ ಚೇಳಿಗೂ ತಡೆ. ಹಾಸಿಗೆ, ಗೋಡೆಗೆ ನೇತುಹಾಕಿದ ಬಟ್ಟೆ, ಬೂಟು, ಹೆಲ್ಮೆಟ್ ಇವನ್ನು ಕೊಡವಿಯೇ ಬಳಸುವ ಅಭ್ಯಾಸ ಮಕ್ಕಳಿಗೆ ಚಿಕ್ಕಂದಿನಿಂದ ಬರಲಿ. ಹಳ್ಳಿಯ ಹಿರಿಯರು ಕಂಬಳಿ ಹಾಸುವ ಮೊದಲು ಎರಡು ಸಲ ಝಾಡಿಸುತ್ತಿದ್ದುದು ಇದಕ್ಕೇ. ಅಂಗಳದಲ್ಲಿ ನಾಟಿಕೋಳಿ ಇದ್ದರೆ ಚೇಳನ್ನು ಕೆದಕಿ ತೆಗೆದು ತಿನ್ನುತ್ತದೆ. ಆದರೆ ಕೋಳಿ ಹಗಲಿನದು, ಚೇಳು ಇರುಳಿನದು. ಕೋಳಿಯನ್ನೇ ನಂಬಿ ಕೂರುವಂತಿಲ್ಲ.

ಚೇಳು ಹುಡುಕಲು ಇಂದು ಸಿಗುವ ಅತ್ಯುತ್ತಮ ಸಾಧನ ನೇರಳಾತೀತ ಟಾರ್ಚ್, ಜನ ಯುವಿ ಟಾರ್ಚ್ ಎನ್ನುವುದು. ಚೇಳಿನ ಹೊರಪೊರೆಯಲ್ಲಿರುವ ಕೆಲವು ರಾಸಾಯನಿಕಗಳು ಈ ಬೆಳಕನ್ನು ಹೀರಿ ಹಸಿರುನೀಲಿಯಾಗಿ ಹೊಳೆಯುತ್ತವೆ. ಅಮಾವಾಸ್ಯೆಯ ಆಸುಪಾಸು, ದೀಪಗಳನ್ನೆಲ್ಲ ಆರಿಸಿ, ಬೂಟು ಹಾಕಿ ಹಿತ್ತಿಲಿಗೆ ಇಳಿಯಿರಿ. ಕಲ್ಲುಗೋಡೆಯ ಮೇಲೆ ಬೆಳಕು ಸರಿಯುತ್ತದೆ. ಕತ್ತಲೆ, ಕತ್ತಲೆ, ಮತ್ತೆ ಥಟ್ಟನೆ ಒಂದು ಕಡೆ ರೇಡಿಯಂ ಮುಳ್ಳಿನ ಗಡಿಯಾರದಂತೆ ಹೊಳೆಯುವ ಆಕಾರ, ಪ್ರತಿ ಗಣ್ಣೂ ಎಣಿಸುವಷ್ಟು ಸ್ಪಷ್ಟ. ಈಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಹೊಳೆಯುವುದಿಲ್ಲ. ಸಂಜೆಗತ್ತಲಾದ ಮೇಲೆ ಒಂದೆರಡು ಗಂಟೆಯೊಳಗೆ ಸುತ್ತಿ ನೋಡಿದರೆ ಎಲ್ಲಿ ಎಷ್ಟಿವೆ ಎಂಬ ನಕ್ಷೆಯೇ ಸಿಕ್ಕುತ್ತದೆ, ಯಾವ ಸಂದು ಮುಚ್ಚಬೇಕೆಂಬುದೂ ತಿಳಿಯುತ್ತದೆ.

ಒಳಗೆ ಬಂದದ್ದನ್ನು ಹಿಡಿಯಲು ಅಗಲ ಬಾಯಿಯ ಗಾಜಿನ ಭರಣಿ ಮತ್ತು ಒಂದು ದಪ್ಪ ರಟ್ಟು ಸಾಕು. ಭರಣಿಯನ್ನು ಮೇಲಿನಿಂದ ಮುಚ್ಚಿ, ರಟ್ಟನ್ನು ಅಡಿಗೆ ತೂರಿಸಿ, ಮಗುಚಿದರೆ ಆಯಿತು. ಗಾಜನ್ನು ಅದು ಹತ್ತಲಾರದು. ಉದ್ದ ಇಕ್ಕಳದಲ್ಲಿ ಬಾಲ ಹಿಡಿದೆತ್ತುವುದೂ ಉಂಟು, ಆದರೆ ಕೈ ಪಳಗಿರಬೇಕು. ದಪ್ಪ ಇಕ್ಕಳದ ಕರಿಚೇಳನ್ನು ಊರಾಚೆಯ ಕಲ್ಲುಬಾರೆಯಲ್ಲಿ ಬಿಡಬಹುದು. ಮಕ್ಕಳಿರುವ ಮನೆಯೊಳಗೆ ಕೆಂಪು ಚೇಳು ಕಂಡು ಅದನ್ನು ಕೊಂದವರನ್ನು ನಾನು ತಪ್ಪೆನ್ನಲಾರೆ. ಸತ್ತದ್ದನ್ನೂ ಬರಿಗೈಯಲ್ಲಿ ಮುಟ್ಟಬಾರದು, ಹೊಡೆತ ತಿಂದ ಚೇಳಿನ ಬಾಲ ಸ್ವಲ್ಪ ಹೊತ್ತಿನವರೆಗೂ ಮಿಡಿಯುತ್ತಿರುತ್ತದೆ.

ಕುಟುಕಿದಾಗ. 2008ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಜನರಿಗೆ ಚೇಳು ಕುಟುಕುತ್ತದೆ, 3,250ಕ್ಕೂ ಹೆಚ್ಚು ಜನ ಸಾಯುತ್ತಾರೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಸಮಾಧಾನದ ಸುದ್ದಿ: ಬಹುಪಾಲು ಕುಟುಕುಗಳು ನೋವಿನಲ್ಲೇ ಮುಗಿಯುತ್ತವೆ. ಕೆಂಪು ಚೇಳಿನ ವಿಷ ದೇಹಕ್ಕೆ ಹರಡಿದಾಗ ನಡೆಯುವುದು ಬೇರೆ. ವಿಷದ ಪ್ರೋಟೀನುಗಳು ನರಗಳ ಸೋಡಿಯಂ ದಾರಿಗಳನ್ನು ಮುಚ್ಚಲು ಬಿಡುವುದಿಲ್ಲ, ಪೊಟ್ಯಾಸಿಯಂ ದಾರಿಗಳನ್ನು ಅಡ್ಡಗಟ್ಟುತ್ತವೆ. ನರಗಳು ಬಿಡುವಿಲ್ಲದೆ ಸಿಡಿಯುತ್ತ ಅಡ್ರಿನಲಿನ್‌ನಂಥ ರಸಗಳನ್ನು ರಕ್ತಕ್ಕೆ ಸುರಿಯುತ್ತವೆ. ಬಟ್ಟೆ ತೊಯ್ಯುವಷ್ಟು ಬೆವರು, ವಾಂತಿ, ಜೊಲ್ಲು, ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಶಿಶ್ನ ನಿಮಿರುವುದು ಮೊದಲ ಸೂಚನೆಗಳು. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಕಾಣಿಸುತ್ತವೆ. ಆಮೇಲೆ ರಕ್ತದೊತ್ತಡ ಏರಿ, ಹೃದಯ ಬಳಲಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇಂಥವರಲ್ಲಿ ಕುಟುಕಿದ ಜಾಗದ ನೋವು ಕಡಿಮೆಯೇ ಇರಬಹುದು. ನೋವಿಲ್ಲ ಎಂದು ಮಗುವನ್ನು ಮಲಗಿಸಿಬಿಡುವ ತಪ್ಪು ಇಲ್ಲಿ ನಡೆಯುತ್ತದೆ.

ಈ ಚೇಳಿನ ವಿಷಕ್ಕೆ ಚಿಕಿತ್ಸೆಯ ದಾರಿ ಕಂಡುಹಿಡಿದವರು ದೊಡ್ಡ ನಗರದ ಪ್ರಯೋಗಾಲಯದವರಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ತಾಲೂಕಿನ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ ಹಿಮ್ಮತರಾವ್ ಬಾವಸ್ಕರ್, 1970ರ ದಶಕದ ಕೊನೆಯಲ್ಲಿ, ಚೇಳು ಕುಟುಕಿ ಬಂದ ರೋಗಿಗಳ ಮಗ್ಗುಲಲ್ಲೇ ಕೂತು ಬೆವರಿನಿಂದ ಹಿಡಿದು ನಾಡಿಯವರೆಗೆ ಎಲ್ಲವನ್ನೂ ಬರೆದಿಟ್ಟರು. ಆ ಲಕ್ಷಣಗಳ ವರದಿ 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ರಕ್ತನಾಳಗಳನ್ನು ಸಡಿಲಿಸುವ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ನರಗಳ ಈ ಬಿರುಗಾಳಿಯನ್ನು ತಡೆಯಬಲ್ಲದು ಎಂಬುದನ್ನು ಅವರು ತೋರಿಸಿದ ವರದಿ 1986ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಭೀರ ಸ್ಥಿತಿಯಲ್ಲಿ ಬಂದವರಲ್ಲಿ ಶೇ. 40ರ ಹತ್ತಿರವಿದ್ದ ಸಾವು ಶೇ. 1ರ ಆಸುಪಾಸಿಗೆ ಇಳಿಯಿತು. ಪತ್ನಿ, ವೈದ್ಯೆ ಪ್ರಮೋದಿನಿ ಬಾವಸ್ಕರ್ ಅವರೊಡನೆ ಮಹಾಡ್‌ನಲ್ಲಿ ನಡೆಸಿದ, 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ರಜೋಸಿನ್ ಜೊತೆ ಚೇಳಿನ ಪ್ರತಿವಿಷವನ್ನೂ ಪಡೆದ 35 ಮಂದಿಯಲ್ಲಿ 32 ಮಂದಿ ಹತ್ತು ಗಂಟೆಯೊಳಗೆ ಪೂರ್ತಿ ಚೇತರಿಸಿಕೊಂಡರು. ಬರೀ ಪ್ರಜೋಸಿನ್ ಪಡೆದ 35 ಮಂದಿಯಲ್ಲಿ 8 ಮಂದಿ. 2022ರಲ್ಲಿ ಬಾವಸ್ಕರ್ ಅವರಿಗೆ ಪದ್ಮಶ್ರೀ ಬಂತು. ಹಳ್ಳಿಯ ಆರೋಗ್ಯ ಕೇಂದ್ರದಿಂದ ಜಗತ್ತಿನ ವೈದ್ಯಶಾಸ್ತ್ರಕ್ಕೆ ಸಂದ ಇಷ್ಟು ದೊಡ್ಡ ಕಾಣಿಕೆ ಬೇರೆ ಹೆಚ್ಚಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಸೋಪುನೀರಿನಲ್ಲಿ ಗಾಯ ತೊಳೆಯಿರಿ. ಉಂಗುರ, ಬಳೆ, ಕಾಲುಂಗುರ ಕೂಡಲೇ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತಿ ಹಿಡಿಯಿರಿ. ಬಿಗಿಯಾಗಿ ದಾರ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಮಗು, ವೃದ್ಧರು, ಬಸುರಿ, ಹೃದ್ರೋಗಿ ಆಗಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಬೇಕು. ಬೆವರು, ವಾಂತಿ ಕಂಡರೆ ಯಾರೇ ಆಗಲಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಪ್ರಜೋಸಿನ್ ರಕ್ತದೊತ್ತಡವನ್ನು ಥಟ್ಟನೆ ಇಳಿಸಬಲ್ಲದಾದ್ದರಿಂದ ಮನೆಯಲ್ಲಿ ತಾವೇ ಕೊಡುವಂತಿಲ್ಲ. ವೈದ್ಯರು ರೋಗಿಯನ್ನು ಮಲಗಿಸಿ, ಅಳತೆ ನೋಡಿ ಕೊಡುತ್ತಾರೆ. ಹಾವಿನ ಪ್ರತಿವಿಷ ಚೇಳಿಗೆ ಕೆಲಸ ಮಾಡುವುದಿಲ್ಲ.

ನಂಬಿಕೆ, ಮದ್ದು, ದೇವಿ. ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಅಂಟಿಸುವುದು, ಉತ್ತರಾಣಿ ಬೇರು ಅರೆದು ಹಚ್ಚುವುದು, ಈರುಳ್ಳಿ ಉಜ್ಜುವುದು, ಮಂತ್ರ ಹಾಕಿಸುವುದು ನಾಡಿನ ತುಂಬ ಇವೆ. ಇವುಗಳಿಂದ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸೌಮ್ಯವಿಷದ ಚೇಳಿನ ನೋವು ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ, ಕೀರ್ತಿ ಬೀಜಕ್ಕೋ ಬೇರಿಗೋ ಸಲ್ಲುತ್ತದೆ. ಕೆಂಪು ಚೇಳಿನ ಕುಟುಕಿನಲ್ಲಿ ಅದೇ ಗಂಟೆಗಳು ಔಷಧಿಯ ಗಂಟೆಗಳು. ಬೀಜ ಅಂಟಿಸಿಕೊಂಡೇ ಆಸ್ಪತ್ರೆಯ ದಾರಿ ಹಿಡಿದರೆ ಯಾರಿಗೂ ತಕರಾರಿಲ್ಲ.

ಭಯ ಇದ್ದಲ್ಲಿ ಭಕ್ತಿಯೂ ಇದೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೆಂಬ ದೇವಿಯ ಸನ್ನಿಧಿಯಿದೆ; ಅಲ್ಲಿ ನೆಲದೊಳಗೆ ಕೊರೆದ ಹಳೆಯ ಹುಂಡಿಗೆ ಕಾಣಿಕೆ ಹಾಕಿ ಮನೆಮಂದಿಗೆ ಚೇಳಿನ ಕಾಟ ತಪ್ಪಲೆಂದು ಬೇಡಿಕೊಳ್ಳುತ್ತಾರೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ಗುಡ್ಡವೇರಿ, ಕಲ್ಲುಗಳನ್ನು ಎತ್ತಿ, ಚೇಳುಗಳನ್ನು ಕೈ, ಮುಖ, ತಲೆಯ ಮೇಲೆಲ್ಲ ಬಿಟ್ಟುಕೊಳ್ಳುತ್ತಾರೆ. ಗುಡ್ಡದ ದೇವಿಯ ದಯೆಯಿಂದ ಅಂದು ಚೇಳು ಕುಟುಕುವುದಿಲ್ಲ ಎಂಬುದು ಅವರ ನಂಬಿಕೆ. ಬಾಲದ ಗಣ್ಣನ್ನು ಸರಿಯಾಗಿ ಹಿಡಿಯುವ ಕಲೆಯನ್ನು ಅಲ್ಲಿನ ಮಕ್ಕಳು ನೋಡಿ ಕಲಿತಿರುತ್ತಾರೆ. ಒತ್ತದ, ಬೆದರಿಸದ ಕೈಯ ಮೇಲೆ ಚೇಳು ವಿಷ ದಂಡಮಾಡುವುದು ಕಡಿಮೆ ಎಂಬುದೂ ಅಲ್ಲಿ ಕಣ್ಣಾರೆ ಕಾಣುತ್ತದೆ. ಆ ಗುಡ್ಡದ ಆಚರಣೆಯನ್ನು ಮನೆಯಂಗಳದಲ್ಲಿ ಅನುಕರಿಸುವಂತಿಲ್ಲ.

ಚೇಳಿಗೆ ಪಾರುಪತ್ಯ ಕೊಟ್ಟ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಹಿತ್ತಿಲಿನ ಕಲ್ಲುರಾಶಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟವರು ತಿಳಿಯದೆಯೇ ಆ ಪಾರುಪತ್ಯ ಕೊಟ್ಟಿರುತ್ತಾರೆ. ರಾಶಿಯನ್ನು ಮಳೆಗಾಲಕ್ಕೆ ಮೊದಲೇ, ಹಗಲಿನಲ್ಲಿ, ಕೈಗವಸು ಹಾಕಿ ತೆಗೆಸಿ. ಅದೇ ವಾರ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಪ್ರಜೋಸಿನ್ ಮಾತ್ರೆ ದಾಸ್ತಾನಿದೆಯೇ, ರಾತ್ರಿ ಹೊತ್ತು ಅದನ್ನು ಕೊಡುವವರು ಯಾರು ಎಂದು ಕೇಳಿ. ಇಲ್ಲವೆಂದರೆ ತರಿಸಿಡಿ ಎಂದು ಪಂಚಾಯಿತಿಯವರ ಜೊತೆ ಹೋಗಿ ಒತ್ತಾಯಿಸಿ.